ಕೈಗೆಟಕುವ ಆಯುಧ: ಕಾನೂನಿನ ಗೆರೆ, ಶ್ರಾವಕನ ವಿವೇಕ

ಆಯುಧವನ್ನು ಹೊಂದಬಹುದೇ ಎಂಬುದು ಒಂದು ಪ್ರಶ್ನೆ. ಅದನ್ನು ದುಡಿಮೆಯ ಸ್ಥಳಕ್ಕೆ ಒಯ್ಯಬಹುದೇ ಎಂಬುದು ಇನ್ನೊಂದು. ಈ ಎರಡನೆಯ ಪ್ರಶ್ನೆ ಅಮೆರಿಕದಲ್ಲಿ ದೀರ್ಘ ವ್ಯಾಜ್ಯಕ್ಕೆ ಕಾರಣವಾಯಿತು. 2002ರಲ್ಲಿ ಒಕ್ಲಹೋಮಾ ರಾಜ್ಯದ ಕಾಗದದ ಕಾರ್ಖಾನೆಯೊಂದು, ಹೊರಗೆ ನಿಲ್ಲಿಸಿದ್ದ ತಮ್ಮ ವಾಹನಗಳಲ್ಲಿ ಬಂದೂಕು ಇರಿಸಿಕೊಂಡಿದ್ದ ಹಲವು ಕೆಲಸಗಾರರನ್ನು ಸೇವೆಯಿಂದ ತೆಗೆದುಹಾಕಿತು. 2004ರಲ್ಲಿ ಆ ರಾಜ್ಯದ ಶಾಸನಸಭೆಯು, ಬೀಗ ಹಾಕಿದ ವಾಹನದೊಳಗೆ ಬಂದೂಕು ಇರಿಸುವುದನ್ನು ಮಾಲೀಕರು ನಿಷೇಧಿಸಕೂಡದೆಂದು ವಿಧಿಸಿತು. ಉದ್ದಿಮೆಗಳು ನ್ಯಾಯಾಲಯದ ಮೊರೆಹೊಕ್ಕವು. 2009ರಲ್ಲಿ ಮೇಲ್ಮನವಿ ನ್ಯಾಯಾಲಯವು ಆ ಶಾಸನವನ್ನೇ ಎತ್ತಿಹಿಡಿಯಿತು. ಫ್ಲೋರಿಡಾ ರಾಜ್ಯವೂ 2008ರಲ್ಲಿ ಇಂಥದೇ ಕಾನೂನನ್ನು ತಂದಿತು.

ಇಬ್ಬರ ವಾದದಲ್ಲಿಯೂ ಹುರುಳಿದೆ. ರಾತ್ರಿಯ ಪಾಳಿ ಮುಗಿಸಿ ನಿರ್ಜನ ಮಾರ್ಗದಲ್ಲಿ ಮರಳುವವನಿಗೆ ಆತ್ಮರಕ್ಷಣೆಯ ಚಿಂತೆ. ಅನೇಕರ ಪ್ರಾಣದ ಹೊಣೆ ಹೊತ್ತ ಮಾಲೀಕನಿಗೆ, ಜಗಳವಾಡಿ ಹೊರನಡೆದವನು ವಾಹನದವರೆಗೆ ಹೋಗಿ ಹಿಂದಿರುಗಿದರೆ ಏನು ಗತಿಯೆಂಬ ಭಯ. ಕಾನೂನು ಈ ಎರಡು ಹಕ್ಕುಗಳ ನಡುವೆ ಗೆರೆ ಎಳೆಯಬಲ್ಲದು. ಆ ನಾಲ್ಕು ಹೆಜ್ಜೆಗಳಲ್ಲಿ ಕ್ರೋಧವು ತಣಿಯುವುದೋ ಉರಿಯುವುದೋ ಎಂಬುದನ್ನು ಅದು ನಿರ್ಣಯಿಸಲಾರದು.

ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಅಧಿನಿಯಮದಂತೆ ಬಂದೂಕಿಗೆ ಪರವಾನಗಿ ಬೇಕು. 2019ರ ತಿದ್ದುಪಡಿಯು ಒಬ್ಬರು ಇರಿಸಿಕೊಳ್ಳಬಹುದಾದ ಬಂದೂಕುಗಳ ಮಿತಿಯನ್ನು ಮೂರರಿಂದ ಎರಡಕ್ಕೆ ಇಳಿಸಿತು. ಪರವಾನಗಿಯು ಅದರಲ್ಲಿ ನಮೂದಾದ ಪ್ರದೇಶಕ್ಕೆ ಮಾತ್ರ ಸಿಂಧು. ಒಂದು ರಾಜ್ಯದಲ್ಲಿ ಮನೆ, ಇನ್ನೊಂದರಲ್ಲಿ ಅಂಗಡಿ ಇರುವ ಗಡಿನಾಡಿನ ಕುಟುಂಬಗಳು ಇದನ್ನು ಮರೆಯುವಂತಿಲ್ಲ. ಕೇವಲ ಗೃಹಕೃತ್ಯಕ್ಕೆ ಅಥವಾ ಕೃಷಿಗೆ ರೂಪಿಸಿದ ವಸ್ತುಗಳನ್ನು ಈ ಅಧಿನಿಯಮವು ಆಯುಧವೆಂದು ಎಣಿಸುವುದಿಲ್ಲ.

ಶ್ರಾವಕಧರ್ಮದ ಅಳತೆಗೋಲು ಇದಕ್ಕಿಂತ ಸೂಕ್ಷ್ಮವಾದುದು. ಗೃಹಸ್ಥನಿಗೆ ಶಸ್ತ್ರವು ಸರ್ವಥಾ ನಿಷಿದ್ಧವೆಂದು ಅದು ಸಾರಲಿಲ್ಲ. ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ಹಿಂಸೆಯನ್ನು ನಾಲ್ಕು ಬಗೆಯಾಗಿ ವಿಂಗಡಿಸಿ, ಕೊಲ್ಲಬೇಕೆಂದೇ ಮಾಡುವ ಸಂಕಲ್ಪೀ ಹಿಂಸೆಯನ್ನು ಗೃಹಸ್ಥನು ಪೂರ್ಣವಾಗಿ ತ್ಯಜಿಸಬೇಕೆಂದಿತು. ಶ್ರವಣಬೆಳಗೊಳದ ಗೊಮ್ಮಟೇಶ್ವರ ಮೂರ್ತಿಯನ್ನು ಕಡೆಯಿಸಿದ ಚಾವುಂಡರಾಯನು ಗಂಗರ ಸೇನಾಪತಿಯಾಗಿದ್ದನು. ಆದರೆ ಅನರ್ಥದಂಡ ವ್ರತವು ಹಿಂಸಾದಾನವನ್ನು, ಅಂದರೆ ಹಿಂಸೆಯ ಸಾಧನವನ್ನು ಪರರ ಕೈಗೆ ಕೊಡುವುದನ್ನು, ದೋಷವೆಂದು ಎಣಿಸುತ್ತದೆ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಕತ್ತಿಯೊಡನೆ ಕೊಡಲಿ, ಗುದ್ದಲಿ, ಬೆಂಕಿಗಳನ್ನೂ ಈ ಸಾಧನಗಳ ಸಾಲಿಗೆ ಸೇರಿಸಿದೆ. ಕಾನೂನು ವಸ್ತುವಿನ ಸ್ವರೂಪವನ್ನು ನೋಡಿದರೆ, ವ್ರತವು ಕೊಡುವವನ ವಿವೇಕವನ್ನು ನೋಡುತ್ತದೆ.

ಚಿನ್ನದ ವ್ಯಾಪಾರಿಯೊಬ್ಬನು ಪರವಾನಗಿ ಪಡೆದ ಪಿಸ್ತೂಲನ್ನು ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಬೀಗವಿಲ್ಲದೆ ಇರಿಸಿದನೆಂದು ಭಾವಿಸೋಣ. ಹೆಸರು ಅವನದು, ಆದರೆ ಅದು ಎಟಕುವುದು ಕೆಲಸದ ಹುಡುಗನಿಗೂ, ಹದಿಹರೆಯದ ಮಗನಿಗೂ. ಅವನು ಯಾರಿಗೂ ಅದನ್ನು ಕೊಟ್ಟಿಲ್ಲ. ಆದರೂ ಎಲ್ಲರ ಕೈಗೂ ಕೊಟ್ಟಂತೆಯೇ ಆಯಿತು. ಪ್ರಮಾದವೂ ಒಂದು ಬಗೆಯ ದಾನವಾಗಬಲ್ಲದು. ಅಪಾಯವು ನಿಜವೇ? ಆಯುಧವು ಬೇರೆ ಯಾರಿಗೆ ಎಟಕುತ್ತದೆ? ಕ್ರೋಧಕ್ಕೂ ಅದಕ್ಕೂ ನಡುವೆ ಎಷ್ಟು ಅಂತರವಿದೆ? ಪರವಾನಗಿಯ ಅರ್ಜಿಗೆ ಸಹಿ ಹಾಕುವ ಮುನ್ನ ಈ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಶ್ರಾವಕನಿಗೆ ಶ್ರೇಯಸ್ಕರ.