ಸ್ಟೀರಿಂಗಿನ ಸಡಿಲ

ಹಳೆಯ ಕಾರಿನ ಸ್ಟೀರಿಂಗ್ ಸಡಿಲವಾಗಿದೆ ಎನ್ನುವುದು ಎಲ್ಲರಿಗಿಂತ ಕೊನೆಗೆ ಗೊತ್ತಾಗುವುದು ಅದರ ಮಾಲೀಕನಿಗೆ. ಎಂದೋ ಒಮ್ಮೆ ಓಡಿಸಿದವರು ಹತ್ತು ನಿಮಿಷದಲ್ಲಿ ಹೇಳಿಬಿಡುತ್ತಾರೆ. ಮನೆಯ ಮಾರುತಿ 800 ತೆಗೆದುಕೊಂಡು ಪೇಟೆಗೆ ಹೋಗಿಬಂದ ನನ್ನ ಹೆಂಡತಿಯ ತಮ್ಮ ಕೀಲಿ ಕೊಡುತ್ತಾ, “ಭಾವ, ನಾನು ತಿರುಗಿಸಿದ್ರೆ ಇದು ಸ್ವಲ್ಪ ಯೋಚನೆ ಮಾಡಿ ಆಮೇಲೆ ತಿರುಗುತ್ತೆ” ಅಂದ. ದಿನಾ ಓಡಿಸುವ ಕೈಗೆ ಇದು ಸಿಗುವುದಿಲ್ಲ. ಸವೆತ ದಿನಕ್ಕೆ ಕೂದಲೆಳೆಯಷ್ಟು ಬರುತ್ತದೆ, ಕೈಯೂ ದಿನಕ್ಕೆ ಅಷ್ಟೇ ಹೆಚ್ಚು ತಿರುಗಿಸಲು ಕಲಿಯುತ್ತಾ ಹೋಗುತ್ತದೆ. ಓಡಿಸುವವ ಪಳಗಿದವನಾದಷ್ಟೂ ರೋಗ ಹೆಚ್ಚು ದಿನ ಮುಚ್ಚಿಕೊಂಡಿರುತ್ತದೆ.

1983ರ ಡಿಸೆಂಬರಿನಲ್ಲಿ ರಸ್ತೆಗಿಳಿದು 2014ರ ಜನವರಿಯಲ್ಲಿ ತಯಾರಿಕೆ ನಿಂತ ಈ ಕಾರಿನ ಸ್ಟೀರಿಂಗಿನಲ್ಲಿ ಮುಚ್ಚುಮರೆ ಏನೂ ಇಲ್ಲ. ಸ್ಟೀರಿಂಗ್ ಕಂಬದ ಬುಡದಲ್ಲಿ ಪಿನಿಯನ್ ಎಂಬ ಪುಟ್ಟ ಹಲ್ಲಿನ ಗಾಲಿ. ಅದು ತಿರುಗಿದಂತೆ ಎಡಕ್ಕೋ ಬಲಕ್ಕೋ ಸರಿಯುವ ಹಲ್ಲುಳ್ಳ ಸರಳು, ಅದೇ ರ್ಯಾಕ್. ರ್ಯಾಕಿನ ಎರಡೂ ತುದಿಗೆ ಒಂದೊಂದು ಟೈ ರಾಡ್. ಅದರ ಹೊರತುದಿ ಚಕ್ರದ ತೋಳಿಗೆ ಸೇರುವಲ್ಲಿ ಟೈ ರಾಡ್ ಎಂಡ್. ನಮ್ಮ ಸೊಂಟದ ಕೀಲಿನ ಹಾಗೆ, ಬಟ್ಟಲೊಳಗೆ ಗುಂಡು. ಚಕ್ರ ಹಳ್ಳಕ್ಕೆ ಇಳಿದು ಹತ್ತುವಾಗ ಆ ಗುಂಡು ಎಲ್ಲ ದಿಕ್ಕಿಗೂ ಹೊರಳಬೇಕು, ಆದರೆ ಅಲ್ಲಾಡಬಾರದು. ಮೇಲೊಂದು ರಬ್ಬರ್ ಟೋಪಿ, ಒಳಗೆ ಗ್ರೀಸು. ಅಂಬಾಸಿಡರ್, ಪದ್ಮಿನಿಗಳ ಕಾಲದಲ್ಲಿ ಮುಂಭಾಗದ ಕೀಲುಗಳಿಗೆ ಗ್ರೀಸ್ ನಿಪ್ಪಲ್ ಇರುತ್ತಿತ್ತು. ಸರ್ವಿಸಿಗೆ ಬಿಟ್ಟಾಗ ಗನ್ನಿನಿಂದ ಹೊಸ ಗ್ರೀಸು ನುಗ್ಗಿಸಿದರೆ ಹಳೆಯ ಕೊಳೆ ಹೊರಗೆ ಬರುತ್ತಿತ್ತು. 800ರ ಕೀಲಿಗೆ ಆ ದಾರಿ ಇಲ್ಲ. ರಬ್ಬರ್ ಹರಿಯಿತೋ, ಮಳೆನೀರು, ಧೂಳು ಒಳಹೊಕ್ಕು ಗ್ರೀಸಿನೊಂದಿಗೆ ಸೇರಿ ಗುಂಡನ್ನು ಅರೆಯಲು ಶುರು. ಆಮೇಲೆ ಉಳಿಯುವುದು ಬದಲಾಯಿಸುವ ದಾರಿ ಒಂದೇ.

ಸಡಿಲ ಎಲ್ಲಿದೆ ಎಂದು ಹುಡುಕಲು ಕೈಯೇ ಸಾಕು. ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಮುಂಭಾಗ ಎತ್ತಿ ಸ್ಟ್ಯಾಂಡಿನ ಮೇಲೆ ಕೂರಿಸಬೇಕು. ಜಾಕಿ ಇರುವುದು ಎತ್ತುವುದಕ್ಕೆ, ಹೊತ್ತು ನಿಲ್ಲುವುದಕ್ಕಲ್ಲ. ಇದೊಂದು ವಿಷಯದಲ್ಲಿ ನಾನು ಯಾರ ಅನುಭವವನ್ನೂ ಒಪ್ಪುವವನಲ್ಲ, ಮೂವತ್ತು ವರ್ಷ ಜಾಕಿಯನ್ನೇ ನಂಬಿ ಬದುಕಿದ ಮೆಕ್ಯಾನಿಕ್ ಬಂದು ಹೇಳಿದರೂ. ಬಿಚ್ಚಿದ ಚಕ್ರವನ್ನೂ ಗಾಡಿಯ ಅಂಚಿನಡಿಗೆ ತಳ್ಳಿಟ್ಟರೆ ಇನ್ನೂ ಕ್ಷೇಮ. ಬಿಚ್ಚುವ ಮುಂಚೆ ಚಕ್ರವನ್ನು ಎಡಬಲ ಹಿಡಿದು ಅಲ್ಲಾಡಿಸಿ ನೋಡಬೇಕು. ಟಕ್ ಎಂದರೆ ಅನುಮಾನ ಟೈ ರಾಡ್ ಮೇಲೆ. ಇನ್ನೊಬ್ಬರು ಕೀಲಿನ ಮೇಲೆ ಬೆರಳಿಟ್ಟು ಕೂತಿದ್ದರೆ ಆ ಟಕ್ ಬೆರಳಿಗೇ ಸಿಗುತ್ತದೆ. ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದಾಗ ಸದ್ದು ಬಂದರೆ ಕೆಳಗಿನ ಬಾಲ್ ಜಾಯಿಂಟ್, ಇಲ್ಲವೇ ವೀಲ್ ಬೇರಿಂಗ್. ಎರಡರಲ್ಲಿ ಯಾವುದು ಎನ್ನುವುದಕ್ಕೆ ಒಂದು ಉಪಾಯವಿದೆ: ಒಳಗೆ ಕೂತವರು ಬ್ರೇಕ್ ತುಳಿದು ಹಿಡಿಯಲಿ. ಅಲ್ಲಾಟ ನಿಂತರೆ ಬೇರಿಂಗು, ನಿಲ್ಲದಿದ್ದರೆ ಜಾಯಿಂಟು. ಗ್ಯಾರೇಜಿನಲ್ಲಿ ಬಿಲ್ ಬರೆಯುವ ಮುಂಚೆ ಈ ಪರೀಕ್ಷೆ ಮಾಡಿದರೋ ಇಲ್ಲವೋ ಎಂದು ನೋಡುವುದು ನನಗೀಗ ಅಭ್ಯಾಸ.

ಸಾಮಾನಿಗೆ ಬೆಂಗಳೂರಿನವರಿಗೆ ಜೆ.ಸಿ. ರಸ್ತೆ ಇದ್ದೇ ಇದೆ. ಕೌಂಟರಿನ ಹುಡುಗ, “ಸಾರ್, ಕಂಪನಿದು ಬೇಕಾ, ಲೋಕಲ್ ಸಾಕಾ?” ಎಂದು ಕೇಳುತ್ತಾನೆ. ಬಾಗಿಲ ಹಿಡಿ, ಕನ್ನಡಿ ಮುಂತಾದವಕ್ಕೆ ಲೋಕಲ್ ನಡೆದೀತು. ಚಕ್ರದ ದಿಕ್ಕು ನಿಂತಿರುವ ಗುಂಡಿಗೆ ನಡೆಯದು. ಕಾರು ಕಂಪನಿಯದೇ ಸಾಮಾನಾಗಲಿ, ಚೆನ್ನೈನ ರಾಣೆಯಂಥ ಸ್ಟೀರಿಂಗ್ ಭಾಗಗಳ ಹಳೆಯ ತಯಾರಕರದ್ದಾಗಲಿ, ಹೆಸರುಳ್ಳದ್ದನ್ನೇ ನಂಬಿಕೆಯ ಅಂಗಡಿಯಲ್ಲಿ ತರಬೇಕು. ಒಂದು ಕಡೆಯದು ಹೋಗಿದ್ದರೂ ಎರಡೂ ಕಡೆ ಹಾಕುವುದು ಒಳ್ಳೆಯದು. ಎರಡೂ ಓಡಿದ್ದು ಒಂದೇ ರಸ್ತೆಯಲ್ಲಿ ತಾನೆ.

ಬಿಚ್ಚುವಾಗ ಹೊಸಬರು ಸೋಲುವ ಜಾಗ ಒಂದೇ. ನಟ್ ತೆಗೆದರೂ ಟೈ ರಾಡ್ ಎಂಡ್ ಅಲ್ಲೇ ಕೂತಿರುತ್ತದೆ. ಅದರ ಕಾಂಡ ಮೊನೆಯ ಕಡೆಗೆ ಸಣ್ಣದಾಗುತ್ತಾ ಹೋಗುವ ಟೇಪರು. ವರ್ಷಗಟ್ಟಲೆ ಬಿಗಿದು ತೋಳಿನ ರಂಧ್ರಕ್ಕೆ ಬೆಣೆಯಾಗಿ ಕಚ್ಚಿಕೊಂಡಿರುತ್ತದೆ. ಸಿಟ್ಟಿನಲ್ಲಿ ಮೊನೆಗೇ ಸುತ್ತಿಗೆಯಿಂದ ಬಾರಿಸಿದರೆ ಥ್ರೆಡ್ ಹಾಳಾಗುತ್ತದೆ, ಕಾಂಡ ಮಾತ್ರ ಅಲುಗುವುದಿಲ್ಲ. ಪುಲ್ಲರ್ ಇದ್ದರೆ ಸುಖ. ಇಲ್ಲದವರು ಹೊಡೆಯಬೇಕಾದ್ದು ಕಾಂಡಕ್ಕಲ್ಲ, ಅದನ್ನು ಹಿಡಿದ ತೋಳಿನ ಕಣ್ಣಿನ ಪಕ್ಕಕ್ಕೆ. ಆಚೆ ಬದಿ ಒಂದು ದಪ್ಪ ಸುತ್ತಿಗೆ ಒತ್ತಿಹಿಡಿದು ಈಚೆಯಿಂದ ಗಟ್ಟಿಯಾಗಿ ಒಂದೆರಡು ಪೆಟ್ಟು ಬಿದ್ದರೆ ಕಣ್ಣು ಕ್ಷಣಮಾತ್ರ ಬಾಗಿ ಬೆಣೆ ಬಿಡುತ್ತದೆ. ನಟ್ಟನ್ನು ಪೂರ್ತಿ ತೆಗೆಯದೆ ಎರಡು ಸುತ್ತು ಉಳಿಸಿಕೊಂಡಿದ್ದರೆ ಸರಳು ಬಿಟ್ಟ ಕೂಡಲೇ ಕಾಲ ಮೇಲೆ ಬೀಳುವುದಿಲ್ಲ. ಹಳೆಯದನ್ನು ತಿರುಗಿಸಿ ತೆಗೆಯುವಾಗ ಸುತ್ತು ಎಣಿಸಿಕೊಳ್ಳಬೇಕು, ಹೊಸದನ್ನು ಅಷ್ಟೇ ಸುತ್ತು ಕೂರಿಸಬೇಕು. ಎಣಿಕೆ ತಪ್ಪಿದರೆ ಚಕ್ರ ಒಳಗೋ ಹೊರಗೋ ಮುಖ ಮಾಡುತ್ತದೆ, ಟೈರಿನ ಒಂದಂಚು ಬೇಗ ಬೋಳಾಗುತ್ತದೆ.

ಕೊನೆಗೆ ಸ್ಪ್ಲಿಟ್ ಪಿನ್. ಕಿರೀಟದ ಆಕಾರದ ನಟ್ಟಿನ ಸೀಳಿಗೂ ಕಾಂಡದ ತೂತಿಗೂ ಸೇರಿಸಿ ತೂರಿಸಿ, ಕಾಲುಗಳನ್ನು ಮಡಚುವ ಚೂರು ತಂತಿ. ಹಳೆಯದನ್ನೇ ನೆಟ್ಟಗೆ ಮಾಡಿ ಮತ್ತೆ ಹಾಕುವ ಜಿಪುಣತನ ಇಲ್ಲಿ ಬೇಡ, ಒಮ್ಮೆ ಮಡಚಿದ ತಂತಿ ಎರಡನೆಯ ಸಲಕ್ಕೆ ಮುರಿಯಬಹುದು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 98ನೇ ನಿಯಮ ಇದನ್ನೂ ಬಿಟ್ಟಿಲ್ಲ. ಬಾಲ್ ಜಾಯಿಂಟುಗಳ ಮೇಲೆ ರಬ್ಬರ್ ಟೋಪಿ ಇರಬೇಕು, ಬೋಲ್ಟು ಪಿನ್ನುಗಳು ಕಳಚದಂತೆ ಭದ್ರವಾಗಿರಬೇಕು ಎನ್ನುತ್ತದೆ. ಕಾನೂನಿನ ಭಾಷೆಯಲ್ಲಿ ರಬ್ಬರ್ ಟೋಪಿಗೂ ಜಾಗ ಸಿಕ್ಕಿದ್ದು ಕಂಡು ನನಗೆ ಖುಷಿಯಾಯಿತು. ಅದೇ ನಿಯಮ ಸ್ಟೀರಿಂಗಿನ ಸಡಿಲಕ್ಕೆ ಕೊಟ್ಟ ಮಿತಿ ಮಾತ್ರ ಬಲು ಉದಾರ: 30 ಡಿಗ್ರಿ. ಗಡಿಯಾರದಲ್ಲಿ 12ರಿಂದ 1ರವರೆಗೆ! ಸ್ಟೀರಿಂಗ್ ಚಕ್ರ 37 ಸೆಂ.ಮೀ. ಅಗಲವಿದ್ದರೆ ಅದರ ಅಂಚಿನಲ್ಲಿ ಇದು ಹತ್ತಿರ ಹತ್ತಿರ 10 ಸೆಂ.ಮೀ. ಲಾರಿಗೂ ಕಾರಿಗೂ ಒಂದೇ ನಿಯಮ ಮಾಡಿದರೆ ಹೀಗೇ ಆಗುವುದು. 15 ವರ್ಷ ತುಂಬಿದ ಕಾರಿನ ನೋಂದಣಿ ನವೀಕರಣಕ್ಕೆ ಆರ್‌ಟಿಒ ಮುಂದೆ ನಿಲ್ಲಿಸಿ ಪಾಸಾಯಿತು ಎಂದು ನೆಮ್ಮದಿಯಾಗಿರುವವರು ಈ ಲೆಕ್ಕ ನೋಡಬೇಕು. 800ರಂಥ ಹಗುರ ಗಾಡಿಯಲ್ಲಿ ಅಂಚಿನಲ್ಲಿ 3 ಸೆಂ.ಮೀ. ದಾಟಿದರೇ ನಾನು ಗಾಡಿ ಎತ್ತಿ ನೋಡುತ್ತೇನೆ.

ಟೈ ರಾಡ್ ಎಂಡ್ ಬದಲಾದ ಮೇಲೂ ಸಡಿಲ ಉಳಿದರೆ ರ್ಯಾಕನ್ನೇ ನೋಡಬೇಕು. ಅದರ ಪೆಟ್ಟಿಗೆಯಲ್ಲೊಂದು ಅಡ್ಜಸ್ಟಿಂಗ್ ಸ್ಕ್ರೂ ಇದೆ. ತಿರುಗಿಸಿದರೆ ಸಡಿಲ ಮಾಯ. ತಿರುಗಿಸಲು ಕೈ ತುರಿಸುತ್ತದೆ. ಆದರೆ ಗಾಡಿ ಹೆಚ್ಚು ಹೊತ್ತು ಓಡುವುದು ನೇರಕ್ಕೆ, ಹಾಗಾಗಿ ರ್ಯಾಕಿನ ನಡುವಿನ ಹಲ್ಲುಗಳು ಮೊದಲು ಸವೆದು ಅಂಚಿನವು ಹೊಸದರಂತೆ ಉಳಿದಿರುತ್ತವೆ. ನಡುವಿಗೆ ಹೊಂದುವಂತೆ ಬಿಗಿದರೆ ಪೂರ್ತಿ ತಿರುಗಿಸಿದಾಗ ಸ್ಟೀರಿಂಗ್ ಹಿಡಿದುಕೊಳ್ಳುತ್ತದೆ, ತಾನಾಗಿ ಹಿಂದಕ್ಕೆ ಬರುವುದಿಲ್ಲ. ಅಂಥ ಗಾಡಿಯಲ್ಲಿ ಆಗುಂಬೆಯ ತಿರುವು ಇಳಿಯುವುದು ಬೇಡವೇ ಬೇಡ. ಈ ಹಂತದಲ್ಲಿ ಮನೆಯ ರಿಪೇರಿ ಸಾಕು, ರ್ಯಾಕನ್ನು ಬಲ್ಲವರ ಕೈಗೆ ಕೊಡುವುದೇ ವಾಸಿ.

ಹೊಸ ಕೀಲು ಹಾಕಿದ ಮೊದಲ ಕೆಲವು ದಿನ ಕಾರು ಗಾಬರಿ ಹುಟ್ಟಿಸುತ್ತದೆ. ಸಡಿಲಕ್ಕೆಂದು ಕೈ ರೂಢಿಸಿಕೊಂಡಿದ್ದ ಆ ಹೆಚ್ಚುವರಿ ತಿರುವು ಈಗ ನೇರ ಚಕ್ರಕ್ಕೇ ಹೋಗಿ ಗಾಡಿ ಚಂಗನೆ ಪಕ್ಕಕ್ಕೆ ಹಾಯುತ್ತದೆ. ರಿಪೇರಿಯಲ್ಲೇನೋ ಎಡವಟ್ಟಾಗಿದೆ ಎಂದು ಮತ್ತೆ ಬಿಚ್ಚಲು ಕೂರುವುದಕ್ಕಿಂತ ಖಾಲಿ ರಸ್ತೆಯಲ್ಲಿ ನಿಧಾನವಾಗಿ ಓಡಿಸಿ ಕೈಗೆ ಸಮಯ ಕೊಡಬೇಕು.

ಅದಕ್ಕೂ ಮುಂಚೆ ವೀಲ್ ಅಲೈನ್‌ಮೆಂಟ್. ಸುತ್ತು ಎಷ್ಟೇ ಸರಿಯಾಗಿ ಎಣಿಸಿದ್ದರೂ ಇದನ್ನು ಬಿಡುವ ಹಾಗಿಲ್ಲ, ಹಳೆಯದೂ ಹೊಸದೂ ಕೂದಲಷ್ಟೂ ವ್ಯತ್ಯಾಸವಿಲ್ಲದಂತೆ ಇರುವುದಿಲ್ಲ. ಅಲ್ಲಿ ಹುಡುಗ ಟೈ ರಾಡ್ ತಿರುಗಿಸುವಾಗ ರ್ಯಾಕಿನ ರಬ್ಬರ್ ಬೂಟು ಜೊತೆಗೇ ತಿರುಚಿಕೊಂಡಿತೇ ಎಂದು ಬಗ್ಗಿ ನೋಡಬೇಕು. ತಿರುಚಿದ ಬೂಟು ಬೇಗ ಹರಿಯುತ್ತದೆ. ಪರದೆಯ ಮೇಲೆ ಅಂಕಿಗಳೆಲ್ಲ ಹಸಿರಾದ ಮೇಲೆ ಕೆಲಸ ಮುಗಿಯಿತೆಂದು ಅವನು ಎದ್ದುಬಿಡುತ್ತಾನೆ. ಟೈ ರಾಡಿನ ಲಾಕ್ ನಟ್ ಬಿಗಿ ಮಾಡಿದ್ಯೇನಪ್ಪಾ ಎಂದು ಕೇಳಿದರೆ ಅವನಿಗೆ ಬೇಸರವಾಗಬಹುದು. ಆದರೂ ಕೇಳಿ.