ಹಾಡು ಗೆದ್ದಿತು, ತಂಡ ಒಡೆಯಿತು



ಇಂದಿನ ಚಿಂತನೆ: ಸಂಘ

ಮೊನ್ನೆ ರಾತ್ರಿ ಉತ್ತರ ಪತ್ರಿಕೆ ತಿದ್ದುತ್ತಾ ಕೂತಿದ್ದೆ. ಮಗಳು ಮೊಬೈಲಿನಲ್ಲಿ ‘ಘೋಸ್ಟ್ ಟೌನ್’ ಎಂಬ ಇಂಗ್ಲಿಷ್ ಹಾಡು ಹಾಕಿದ್ದಳು. “ಈ ತಂಡದಲ್ಲಿ ಕಪ್ಪು ಜನ, ಬಿಳಿ ಜನ ಇಬ್ಬರೂ ಇದ್ದರಪ್ಪ” ಎಂದಳು. ಅವರ ಕಥೆ ಓದಿದೆ. ಓದಿದ ಮೇಲೆ ನಿದ್ದೆ ಬರಲಿಲ್ಲ.

ಕೋವೆಂಟ್ರಿ ಆಗ ಇಂಗ್ಲೆಂಡಿನ ಕಾರು ಕಾರ್ಖಾನೆಗಳ ಊರಾಗಿತ್ತು. 1977ರಲ್ಲಿ ಅಲ್ಲಿ ಜೆರ್ರಿ ಡ್ಯಾಮರ್ಸ್ ಎಂಬ ಯುವಕ ಕಟ್ಟಿದ ತಂಡ ಮುಂದೆ ‘ದಿ ಸ್ಪೆಷಲ್ಸ್’ ಎಂದು ಹೆಸರಾಯಿತು. ಒಟ್ಟು ಏಳು ಜನ. ಐವರು ಬಿಳಿಯರು. ಲಿನ್ವಾಲ್ ಗೋಲ್ಡಿಂಗ್ ಮತ್ತು ನೆವಿಲ್ ಸ್ಟೇಪಲ್ ಜಮೈಕಾದಲ್ಲಿ ಹುಟ್ಟಿದ ಕಪ್ಪು ಜನ. ಜಮೈಕಾದ ‘ಸ್ಕಾ’ ಕುಣಿತದ ಲಯಕ್ಕೆ ಪಂಕ್ ಹುಡುಗರ ಸಿಟ್ಟನ್ನು ಬೆರೆಸಿ ಹಾಡಿದರು. 1979ರಲ್ಲಿ ‘ಟೂ ಟೋನ್’ ಎಂಬ ರೆಕಾರ್ಡ್ ಸಂಸ್ಥೆಯೂ ಶುರುವಾಯಿತು. ಅದರ ಗುರುತು ಕಪ್ಪು ಬಿಳಿ ಚೌಕಗಳ ಸಾಲು.

ವಲಸೆ ಬಂದವರನ್ನು ಓಡಿಸಿ ಎಂದು ‘ನ್ಯಾಷನಲ್ ಫ್ರಂಟ್’ ಬೀದಿಗಿಳಿದಿದ್ದ ಕಾಲ ಅದು. 1980ರಲ್ಲಿ ಜನಾಂಗದ್ವೇಷಿಗಳು ಲಿನ್ವಾಲ್ ಮೇಲೆ ಹಲ್ಲೆ ಮಾಡಿದರು. ಅವರು ‘ವೈ?’ ಎಂಬ ಹಾಡು ಬರೆದು, ಹೊಡೆದವರನ್ನೇ ‘ಯಾಕೆ?’ ಎಂದು ಕೇಳಿದರು. 1981ರಲ್ಲಿ ಕೋವೆಂಟ್ರಿಯಲ್ಲೇ ಏಷ್ಯಾ ಮೂಲದ ವಿದ್ಯಾರ್ಥಿಯೊಬ್ಬನ ಕೊಲೆಯಾದಾಗ ತಂಡ ಊರಿನ ಕ್ರೀಡಾಂಗಣದಲ್ಲಿ ಸೌಹಾರ್ದಕ್ಕಾಗಿ ಹಾಡಿತು. ಅದೇ ಜೂನ್‌ನಲ್ಲಿ ‘ಘೋಸ್ಟ್ ಟೌನ್’ ಬಂತು. ಕೆಲಸವಿಲ್ಲದೆ ಬಿಕೋ ಎನ್ನುವ ಊರುಗಳ ಹಾಡು ಅದು. ಜುಲೈನಲ್ಲಿ ಲಿವರ್‌ಪೂಲ್, ಮ್ಯಾಂಚೆಸ್ಟರ್ ಗಲಭೆಯಲ್ಲಿ ಹೊತ್ತಿ ಉರಿಯುವಾಗ ಬ್ರಿಟನ್ನಿನಲ್ಲಿ ಮೂರು ವಾರ ಅದೇ ಮೊದಲ ಸ್ಥಾನದ ಹಾಡು.

ತಂಡ ಒಡೆದದ್ದೂ ಆಗಲೇ! ಆ ಹಾಡಿಗಾಗಿ ಬಿಬಿಸಿ ಕಾರ್ಯಕ್ರಮಕ್ಕೆ ಹೋದಾಗಲೇ ಲಿನ್ವಾಲ್, ನೆವಿಲ್ ಮತ್ತು ಗಾಯಕ ಟೆರ್ರಿ ಹಾಲ್ ‘ನಾವು ಬಿಡುತ್ತೇವೆ’ ಎಂದುಬಿಟ್ಟರು. ಬಿಡುವಿಲ್ಲದ ತಿರುಗಾಟದ ದಣಿವು, ಸಂಗೀತ ಹೇಗಿರಬೇಕೆಂಬ ಜಗಳ, ಎಲ್ಲವೂ ಡ್ಯಾಮರ್ಸ್ ಹೇಳಿದಂತೆಯೇ ನಡೆಯುತ್ತದೆಂಬ ಅಸಮಾಧಾನ. ಹಾಡನ್ನು ರೆಕಾರ್ಡ್ ಮಾಡುವಾಗಲೇ ಒಬ್ಬರಿಗೊಬ್ಬರು ಮಾತು ಬಿಟ್ಟಿದ್ದರೆಂದು ತಂಡದವರೊಬ್ಬರು ಮುಂದೆ ನೆನಪಿಸಿಕೊಂಡಿದ್ದಾರೆ.

ಬಂಧುಗಳೇ, ಹೊರಗಿನ ದ್ವೇಷಕ್ಕೆ ಬಗ್ಗದವರು ಒಳಗಿನ ಮೌನಕ್ಕೆ ಸೋತರು. ಕೋಸಂಬಿಯ ಭಿಕ್ಖುಗಳ ಕಥೆ ನಮಗೆ ಗೊತ್ತಿದೆ. ಒಬ್ಬರು ಪಾತ್ರೆಯಲ್ಲಿ ನೀರು ಉಳಿಸಿದ್ದೇ ನೆಪವಾಗಿ ಸಂಘವೇ ಎರಡಾಯಿತು. ಭಗವಾನ್ ಬುದ್ಧರ ಮಾತನ್ನೂ ಅವರು ಕೇಳಲಿಲ್ಲ. ಬುದ್ಧರು ಒಬ್ಬರೇ ಕಾಡಿಗೆ ನಡೆದರು.

ಈಗ ನನ್ನ ವಿಷಯ. ಬುದ್ಧ ಪೂರ್ಣಿಮೆಯ ಬ್ಯಾನರಿನಲ್ಲಿ ಯಾರ ಹೆಸರು ಮೊದಲು ಎಂಬ ಚರ್ಚೆಯಲ್ಲಿ, ಈ ಅಧ್ಯಯನ ವೃತ್ತವನ್ನು ಕಟ್ಟಿದ ಹಿರಿಯರಿಗೆ “ಎಲ್ಲಾ ನೀವು ಹೇಳಿದಂತೆಯೇ ಆಗಬೇಕಾ?” ಎಂದು ಎಲ್ಲರೆದುರು ಕೇಳಿದವನು ನಾನೇ. ನಾನು ಎತ್ತಿದ ಪ್ರಶ್ನೆ ತಪ್ಪಿರಲಿಲ್ಲ. ಕೇಳಿದ ದನಿ ತಪ್ಪಾಗಿತ್ತು. ಅವರು ನಾಲ್ಕು ಭಾನುವಾರದಿಂದ ವಂದನೆಗೆ ಬಂದಿಲ್ಲ. ನನಗೆ ತ್ರಿಶರಣ ಹೇಳಿಕೊಟ್ಟವರು ಅವರು. ಎರಡು ಸಲ ಮೆಸೇಜ್ ಬರೆದು ಅಳಿಸಿದ್ದೇನೆ.

ಒಡೆದ ಮೇಲೂ ಒಳ್ಳೆಯ ಕೆಲಸ ನಡೆಯಬಹುದು. ಡ್ಯಾಮರ್ಸ್ 1984ರಲ್ಲಿ ಬೇರೆ ಗೆಳೆಯರೊಡನೆ, ಸೆರೆಯಲ್ಲಿದ್ದ ನೆಲ್ಸನ್ ಮಂಡೇಲಾರ ಬಿಡುಗಡೆಗಾಗಿ ಹಾಡು ಮಾಡಿದರು. ಅದು ದೇಶದೇಶ ದಾಟಿತು. ಆದರೆ ಹಳೆಯ ಗೆಳೆಯರು 2009ರಲ್ಲಿ ಮತ್ತೆ ಒಂದಾಗಿ ಊರೂರಲ್ಲಿ ಹಾಡಿದಾಗ, ತಂಡ ಕಟ್ಟಿದ ಡ್ಯಾಮರ್ಸ್ ಜೊತೆಗಿರಲಿಲ್ಲ. 2015ರಲ್ಲಿ ಡ್ರಮ್ಸ್ ನುಡಿಸುತ್ತಿದ್ದ ಜಾನ್ ಬ್ರ್ಯಾಡ್‌ಬರಿ ತೀರಿಕೊಂಡರು. 2022ರಲ್ಲಿ ಟೆರ್ರಿ ಹಾಲ್ ಹೋದರು. ಆ ಏಳು ಜನ ಇನ್ನು ಒಟ್ಟಿಗೆ ನಿಲ್ಲುವಂತಿಲ್ಲ.

ಅನಿತ್ಯ ಎಂಬ ಪದವನ್ನು ನಾನು ಎಷ್ಟೋ ಸಲ ವಿವರಿಸಿದ್ದೇನೆ. ರಾಜಿಯಾಗಲು ಇರುವ ಕಾಲವೂ ಅನಿತ್ಯ ಎಂದು ಮೊನ್ನೆ ರಾತ್ರಿ ಅರ್ಥವಾಯಿತು.

ಇಂದಿನ ಅಭ್ಯಾಸ: ಮಾತು ಬಿಟ್ಟ ಒಬ್ಬರನ್ನು ನೆನೆಯಿರಿ. ವಾದ ಆಮೇಲೆ ಇರಲಿ, ಮೊದಲು ಊಟ ಆಯಿತೇ ಎಂದು ಕೇಳಿ.

ಇದನ್ನು ಗುಂಪಿಗೆ ಹಾಕಿ, ಶಾಲೆಯ ಗಂಟೆಗೆ ಮುಂಚೆ ಆ ಹಿರಿಯರ ಮನೆಗೆ ಹೊರಟಿದ್ದೇನೆ.

ಎಲ್ಲರಿಗೂ ಮಂಗಳವಾಗಲಿ. ಜೈ ಭೀಮ್ 🙏