ಪುಟ್ಟಕ್ಕನಿಗಾಗಿ ಅತ್ತ ಕಣ್ಣೀರು



2022ರ ಮಳೆಗಾಲದ ಒಂದು ಸಂಜೆ. ಪುರ್ತಗೇರಿಯ ಒಂದು ಮನೆಗೆ ಭೇಟಿ ಕೊಡಲು ಹೋಗಿದ್ದೆ. ಗಜೇಂದ್ರಗಡದ ಗುಡ್ಡದ ಮೇಲಿನ ಗಾಳಿಯಂತ್ರಗಳು ಮೋಡದೊಳಗೆ ಮರೆಯಾಗಿದ್ದವು. ಆ ಮನೆಯ ಅವ್ವನಿಗೆ ಎಪ್ಪತ್ತರ ಹತ್ತಿರ ವಯಸ್ಸು. ನನಗೊಂದು ಕುರ್ಚಿ ಹಾಕಿ, ಒಲೆಯ ಮೇಲೆ ಚಹಾಕ್ಕಿಟ್ಟು, "ಫಾದರ್, ಒಂದ್ ಅರ್ಧಾ ತಾಸು ಕುಂದರ್ರಿ. ಇದೊಂದು ಮುಗೀಲಿ, ಆಮ್ಯಾಲ ಪ್ರಾರ್ಥನಾ ಮಾಡೋಣು" ಎಂದರು.

'ಇದೊಂದು' ಎಂದರೆ ಜೀ ಕನ್ನಡ ವಾಹಿನಿಯಲ್ಲಿ 2021ರ ಡಿಸೆಂಬರ್‌ನಲ್ಲಿ ಆರಂಭವಾಗಿದ್ದ 'ಪುಟ್ಟಕ್ಕನ ಮಕ್ಕಳು' ಧಾರಾವಾಹಿ. ನಾನೂ ಕುಳಿತೆ. ಧಾರಾವಾಹಿಗಿಂತ ಅವ್ವನ ಮಾತೇ ಹೆಚ್ಚು ಸೊಗಸಾಗಿತ್ತು. ಎಲ್ಲ ಧಾರಾವಾಹಿಗಳನ್ನೂ ಅರೆದು ಕುಡಿದವರು ಅವರು. "ನೋಡ್ರಿ, ಯಾವ ಧಾರಾವಾಹಿ ಹಚ್ಚಿದ್ರೂ ಬಾಗಲ ಹಿಂದ ನಿಂತು ಕೇಳಾಕ ಒಬ್ಬಾಕಿ ಇರ್ತಾಳ. ಅತ್ತಿ ಅನ್ನಾಕಿ ಅಡಗಿಮನ್ಯಾಗೂ ರೇಷ್ಮಿ ಸೀರಿ ಉಟ್ಟಿರ್ತಾಳ. ಒಲಿ ಮುಂದ ಕುಂತಾಕಿ ಹಂಗ ಇರ್ತಾಳೇನ್ರಿ?" ಎಂದು ನಕ್ಕರು. ಸ್ವಲ್ಪ ಹೊತ್ತಿನ ಮೇಲೆ, "ಇಷ್ಟ ಮಂದಿ ಅದಾರ, ಒಬ್ರರ ಖರೇ ಹೇಳ್ತಾರೇನು? ಯಾರರ ಒಬ್ರು ಬಾಯಿ ಬಿಟ್ಟು ಖರೇ ಹೇಳಿದ್ರ ಧಾರಾವಾಹಿ ಇವತ್ತ ಮುಗೀತೈತಿ" ಎಂದರು. ಸೆಮಿನರಿಯಲ್ಲಿ ತತ್ವಶಾಸ್ತ್ರ ಓದಿದ ನನಗೂ ಹೊಳೆಯದ ಮಾತು ಅದು!

ಉಮಾಶ್ರೀಯವರು ಅಭಿನಯಿಸಿದ ಪುಟ್ಟಕ್ಕನ ಕಥೆ ನಿಮ್ಮಲ್ಲಿ ಅನೇಕರಿಗೆ ಗೊತ್ತಿರಬಹುದು. ಮೂರೂ ಹೆಣ್ಣುಮಕ್ಕಳನ್ನೇ ಹೆತ್ತಳೆಂದು ಗಂಡ ಅವಳನ್ನು ಬಿಟ್ಟು ಇನ್ನೊಬ್ಬಳೊಡನೆ ಸಂಸಾರ ಹೂಡುತ್ತಾನೆ. ಅವಳು ಮೆಸ್ ನಡೆಸಿ, ಅನ್ನ ಬಡಿಸಿ, ಮಕ್ಕಳನ್ನು ತಲೆಯೆತ್ತಿ ಬದುಕುವಂತೆ ಬೆಳೆಸುತ್ತಾಳೆ. ಅಂದು ಪರದೆಯ ಮೇಲೆ ಪುಟ್ಟಕ್ಕ ಒಬ್ಬಳೇ ಕುಳಿತು ಅಳುತ್ತಿದ್ದಳು. ಅವ್ವನೂ ಸೆರಗಿನಿಂದ ಕಣ್ಣೊರೆಸಿಕೊಂಡರು. "ಹೆಣ್ಣು ಹಡದ್ರ ಆಕಿದೇನ ತಪ್ಪ್ರಿ ಫಾದರ್?" ಎಂದು ನನ್ನನ್ನೇ ಕೇಳಿದರು.

ಜಾಹೀರಾತು ಬಂತು. ಮನೆ ಖಾಲಿ ಖಾಲಿ ಎನಿಸಿ, "ಸೊಸೆ ಎಲ್ಲಿ, ಕಾಣಲಿಲ್ಲ?" ಎಂದೆ.

"ತವರಮನ್ಯಾಗ ಅದಾಳ್ರಿ. ಹಡದಾಳ."

"ಒಳ್ಳೇದಾಯ್ತು. ಏನು ಮಗು?"

"ಮತ್ತ ಹೆಣ್ಣ. ಮೂರನೇದು."

"ನೋಡಿಕೊಂಡು ಬಂದಿರಾ?"

"ಇಲ್ರಿ... ಮಳಿ ಹಿಡದೈತಿ. ಹೊಲದಾಗ ಕಳೇನೂ ಭಾಳ ಐತಿ. ಹೋದ್ರಾತು."

ಮಗು ಹುಟ್ಟಿ ಆಗಲೇ ಎರಡು ತಿಂಗಳಾಗಿತ್ತು. ಅವ್ವನ ಸೆರಗಿನ ತುದಿ ಇನ್ನೂ ಒದ್ದೆಯಾಗಿತ್ತು.

ಬಂಧುಗಳೇ, ಆ ತಾಯಿಯ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಅವರನ್ನು ದೂರುವುದು ನನ್ನ ಉದ್ದೇಶವಲ್ಲ. ಅವರ ಕಣ್ಣೀರು ಸುಳ್ಳಾಗಿರಲಿಲ್ಲ; ಅದು ಹೃದಯದಿಂದಲೇ ಬಂದದ್ದು. ನನ್ನನ್ನು ಕಾಡಿದ ಪ್ರಶ್ನೆಯೂ ಅದೇ. ಇಲ್ಲದ ಪುಟ್ಟಕ್ಕನಿಗಾಗಿ ನಿಜವಾಗಿ ಅಳಬಲ್ಲ ಮನಸ್ಸು, ಇರುವ ಸೊಸೆಗಾಗಿ ಏಕೆ ಅಳಲಾರದು?

ಈ ಪ್ರಶ್ನೆ ಟಿ.ವಿ.ಗಿಂತ ಬಹಳ ಹಳೆಯದು. ನಾಲ್ಕನೆಯ ಶತಮಾನದಲ್ಲಿ ಸಂತ ಅಗಸ್ಟೀನರು ಕಾರ್ಥೇಜ್ ನಗರದಲ್ಲಿ ವಿದ್ಯಾರ್ಥಿಯಾಗಿದ್ದಾಗ ಅವರಿಗೆ ನಾಟಕದ ಹುಚ್ಚಿತ್ತು. ತಮ್ಮ 'ನಿವೇದನೆ'ಗಳ ಮೂರನೆಯ ಭಾಗದಲ್ಲಿ ಅವರು ಇದನ್ನು ವಿಚಾರಿಸಿದ್ದಾರೆ. ತನಗೆ ಬರಬಾರದೆಂದು ಬಯಸುವ ದುಃಖವನ್ನೇ ನೋಡಲು ಮನುಷ್ಯ ನಾಟಕಶಾಲೆಗೆ ಏಕೆ ಹೋಗುತ್ತಾನೆ? ಅತ್ತರೆ ಏಕೆ ಸಂತೋಷಪಡುತ್ತಾನೆ? ಅವರು ಗುರುತಿಸಿದ ಒಂದು ಅಂಶ ಬಹಳ ಸೂಕ್ಷ್ಮವಾದದ್ದು. ನಾಟಕ ನೋಡುವವನನ್ನು ಯಾರೂ ಸಹಾಯಕ್ಕೆ ಕರೆಯುವುದಿಲ್ಲ. ಮರುಗುವುದಕ್ಕೆ ಮಾತ್ರ ಕರೆಯುತ್ತಾರೆ. ಇನ್ನೊಂದು ಸಂಗತಿಯನ್ನು ನಾವು ಗಮನಿಸಬೇಕು. ಮಗ ದಾರಿ ತಪ್ಪಿದನೆಂದು ತಾಯಿ ಮೋನಿಕಾ ಕಣ್ಣೀರು ಸುರಿಸಿದ್ದನ್ನು ಹೇಳುವುದೂ ಅದೇ ಮೂರನೆಯ ಭಾಗವೇ. ನಾಟಕದ ದುಃಖಕ್ಕೆ ಕರಗುತ್ತಿದ್ದ ಯೌವನದಲ್ಲಿ ಅಗಸ್ಟೀನರನ್ನು ಹೆತ್ತ ತಾಯಿಯ ದುಃಖ ಕರಗಿಸಲಿಲ್ಲ.

ಹಾಗಾದರೆ ಧಾರಾವಾಹಿ ನೋಡುವುದೇ ತಪ್ಪೇ? ಹಾಗೆ ಹೇಳಲು ನಾನು ಸಿದ್ಧನಿಲ್ಲ. ಸಂತ ತೋಮಸ್ ಅಕ್ವಿನಾಸರು ವಿನೋದವನ್ನೂ ಒಂದು ಸದ್ಗುಣವೆಂದು ಎಣಿಸಿದರು. ನಟರ ಕಸುಬು ತನ್ನಷ್ಟಕ್ಕೆ ಪಾಪವಲ್ಲವೆಂದೂ ಹೇಳಿದರು. ಆ ಸಂದರ್ಭದಲ್ಲಿ ಅವರು ಸಂತ ಯೊವಾನ್ನರ ಕುರಿತ ಹಳೆಯ ಕಥೆಯೊಂದನ್ನು ನೆನೆಯುತ್ತಾರೆ. ಯೊವಾನ್ನರು ಶಿಷ್ಯರೊಡನೆ ಆಟವಾಡುತ್ತಿರುವುದನ್ನು ಕಂಡು ಕೆಲವರು ಆಕ್ಷೇಪಿಸಿದರಂತೆ. ಯೊವಾನ್ನರು ಅವರಲ್ಲಿ ಬಿಲ್ಲು ಹಿಡಿದಿದ್ದವನಿಗೆ ಬಾಣ ಹೂಡಲು ಹೇಳಿ, "ಹೀಗೆ ಎಳೆಯುತ್ತಲೇ ಇರಬಲ್ಲೆಯಾ?" ಎಂದರಂತೆ. ಹಾಗೆ ಮಾಡಿದರೆ ಬಿಲ್ಲು ಮುರಿಯುತ್ತದೆ ಎಂದ ಅವನು. ಮನಸ್ಸೂ ಹಾಗೆಯೇ. ದಿನವಿಡೀ ಹೊಲದಲ್ಲಿ ಬಾಗಿದ ಬೆನ್ನು ಸಂಜೆ ಅರ್ಧ ತಾಸು ಟಿ.ವಿ. ಮುಂದೆ ನೆಟ್ಟಗಾದರೆ ಅದಕ್ಕೆ ಯಾರೂ ಮುಖ ಸಿಂಡರಿಸಬೇಕಾಗಿಲ್ಲ.

ನಗುವಿನ ಮಾತೂ ಇಲ್ಲಿ ಬರುತ್ತದೆ. 2000ರ ದಶಕದಲ್ಲಿ, ಮುಂದೆ 2015ರಲ್ಲಿ ಕಲರ್ಸ್ ಕನ್ನಡ ಎಂದು ಹೆಸರಾದ ಈಟಿವಿ ಕನ್ನಡದಲ್ಲಿ, 'ಸಿಲ್ಲಿ ಲಲ್ಲಿ' ಮತ್ತು 'ಪಾಪ ಪಾಂಡು' ಮನೆ ಮನೆಯನ್ನೂ ನಗಿಸಿದವು. ನಾನೂ ನಕ್ಕವನೇ. 'ಸಿಲ್ಲಿ ಲಲ್ಲಿ'ಯ ಸಮಾಜಸೇವಕಿ ಲಲಿತಾಂಬ ಭಾಷಣ ಬಿಗಿದಾಗ ನಮಗೆ ನಗು ಬರುವುದು ಸೇವೆಗಿಂತ ಸೇವೆಯ ಹೆಸರನ್ನೇ ಹೆಚ್ಚು ಪ್ರೀತಿಸುವ ಬುದ್ಧಿಯನ್ನು ಕಂಡು. ಆ ಬುದ್ಧಿ ನಮ್ಮ ಸಂಘಗಳಲ್ಲಿಯೂ ಇದೆ, ಗುರುಗಳಾದ ನಮ್ಮಲ್ಲಿಯೂ ಇದೆ. ಅಂಥ ನಗು ಕನ್ನಡಿ ಇದ್ದಂತೆ. 'ಪಾಪ ಪಾಂಡು'ವಿನ ಗಂಡ ಹೆಂಡತಿಯಿಂದ ಪೆಟ್ಟು ತಿನ್ನುವಾಗಲೂ ನಕ್ಕೆವು. ಆದರೆ ಅದೇ ಪೆಟ್ಟು ಹೆಂಡತಿಗೆ ಬಿದ್ದಿದ್ದರೆ ನಗುತ್ತಿದ್ದೆವೇ? ನಗುತ್ತಿರಲಿಲ್ಲ, ಏಕೆಂದರೆ ಅದು ಯಾವುದೋ ಮನೆಯಲ್ಲಿ ನಿಜವಾಗಿ ನಡೆಯುತ್ತಿರುವುದನ್ನು ಬಲ್ಲೆವು. ಹಾಗಾದರೆ ನಮ್ಮ ನಗು ಮತ್ತು ಅಳು ಎರಡೂ, ಪರದೆಯ ಮೇಲಿನ ಘಟನೆಯ ಜೊತೆಗೆ ಪರದೆಯ ಈಚೆಗಿನ ಬದುಕನ್ನೂ ಕೇಳಿಯೇ ಹುಟ್ಟುತ್ತವೆ. ಇದನ್ನು ನಾವು ಮರೆಯಬಾರದು.

ಕಥೆ ಹೇಳುವವರ ಉದ್ದೇಶ ಒಳ್ಳೆಯದಿದ್ದರೆ ಸಾಲದೇ ಎಂದು ನೀವು ಕೇಳಬಹುದು. ದೂರದರ್ಶನದಲ್ಲಿ 1984ರ ಜುಲೈ 7ರಂದು ಆರಂಭವಾದ ಹಿಂದಿ ಧಾರಾವಾಹಿ 'ಹಮ್ ಲೋಗ್' ಇದಕ್ಕೆ ಉತ್ತರ ಕೊಡುತ್ತದೆ. ಸಮಾಜ ಸುಧಾರಣೆಯ ಗುರಿಯಿಂದಲೇ ಮಾಡಿದ ಧಾರಾವಾಹಿ ಅದು. ಕಂತಿನ ಕೊನೆಗೆ ನಟ ಅಶೋಕ್ ಕುಮಾರ್ ಬಂದು ನೀತಿ ಹೇಳುತ್ತಿದ್ದರು. ಅದರಲ್ಲಿ ಭಾಗವಂತಿ ಎಂಬ ತಾಯಿ ಎಲ್ಲವನ್ನೂ ಸಹಿಸುತ್ತಾಳೆ. ಹೆಣ್ಣಿಗೆ ಇಂಥ ಬಾಳು ಅನ್ಯಾಯ ಎಂದು ತೋರಿಸುವುದು ಮಾಡಿದವರ ಆಶಯ. ಆದರೆ ಅನೇಕ ಪ್ರೇಕ್ಷಕರು ಅವಳನ್ನೇ ಆದರ್ಶ ಗೃಹಿಣಿಯೆಂದು ಮೆಚ್ಚಿಕೊಂಡರು! ಕಥೆ ಬಾಗಿಲವರೆಗೆ ಬರುತ್ತದೆ. ಒಳಗೆ ಅದಕ್ಕೆ ಯಾವ ಅರ್ಥ ಕೊಡಬೇಕೆಂಬುದು ನಮ್ಮ ಕೈಯಲ್ಲಿದೆ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಪುಟ್ಟಕ್ಕನಿಗೆ ಸಿಕ್ಕ ಕರುಣೆ ಸೊಸೆಗೆ ಏಕೆ ಸಿಗಲಿಲ್ಲ? ನನಗೆ ತೋರುವ ಕಾರಣಗಳು ಎರಡು.

ಮೊದಲನೆಯದು: ಪುಟ್ಟಕ್ಕನನ್ನು ನಾವು ಒಳಗಿನಿಂದ ನೋಡುತ್ತೇವೆ. ಅವಳು ಒಬ್ಬಳೇ ಅಳುವಾಗ ಕ್ಯಾಮೆರಾ ಅವಳ ಕೋಣೆಯಲ್ಲಿರುತ್ತದೆ. ಅವಳ ಮನಸ್ಸಿನ ಮಾತು ನಮಗೆ ಕೇಳಿಸುತ್ತದೆ. ಎಲ್ಲಿ ಅಳಬೇಕೆಂದು ಸಂಗೀತವೇ ಹೇಳಿಕೊಡುತ್ತದೆ. ಮನೆಯ ಸೊಸೆಯನ್ನೋ ಹೊರಗಿನಿಂದ ಮಾತ್ರ ನೋಡುತ್ತೇವೆ. ಅವಳು ಪಾತ್ರೆ ಕುಕ್ಕಿ ಇಟ್ಟದ್ದು ಕಾಣುತ್ತದೆ. ಅದಕ್ಕೆ ಮೊದಲು ಹಿತ್ತಲಲ್ಲಿ ನಿಂತು ಕಣ್ಣೊರೆಸಿಕೊಂಡದ್ದು ಕಾಣುವುದಿಲ್ಲ. ಅವಳ ಕಥೆಯನ್ನು ನಮಗೆ ಯಾರೂ ಚಿತ್ರಿಸಿ ತೋರಿಸಿಲ್ಲ.

ಎರಡನೆಯದು: ಪುಟ್ಟಕ್ಕ ನಮ್ಮಿಂದ ಏನನ್ನೂ ಕೇಳುವುದಿಲ್ಲ. ಅವಳಿಗೆ ಬಾಣಂತನ ಮಾಡಬೇಕಾಗಿಲ್ಲ, ಬಸ್ಸು ಹತ್ತಿ ಹೋಗಬೇಕಾಗಿಲ್ಲ, ಕ್ಷಮೆ ಕೇಳಬೇಕಾಗಿಲ್ಲ. ಸೊಸೆಗೆ ಮರುಗಿದರೆ ಮಾತ್ರ ಎದ್ದು ಏನಾದರೂ ಮಾಡಬೇಕಾಗುತ್ತದೆ. ಅಷ್ಟೇ ಅಲ್ಲ, ಅವಳ ದುಃಖದಲ್ಲಿ ನಮ್ಮ ಪಾಲೆಷ್ಟು ಎಂಬ ಲೆಕ್ಕವೂ ಬರುತ್ತದೆ. ಆ ಲೆಕ್ಕಕ್ಕೆ ಹೆದರಿ ನಾವು ಮಳೆಯನ್ನೂ ಹೊಲದ ಕಳೆಯನ್ನೂ ಮುಂದೆ ಮಾಡುತ್ತೇವೆ.

ಪವಿತ್ರ ಬೈಬಲಿನಲ್ಲಿ ಪ್ರವಾದಿ ನಾತಾನನು ಅರಸ ದಾವೀದನಿಗೆ ಹೇಳಿದ ಕಥೆ ನಿಮಗೆ ಗೊತ್ತು (2 ಸಮುವೇಲ 12). ಬಡವನೊಬ್ಬ ಮಗಳಂತೆ ಸಾಕಿದ ಒಂದೇ ಕುರಿಮರಿಯನ್ನು ಸಿರಿವಂತನೊಬ್ಬ ಕಸಿದು ಕೊಯ್ಯಿಸಿದ. ಕೇಳಿದ ದಾವೀದ ಸಿಟ್ಟಿನಿಂದ ಕುದಿದ. ಅವನ ಸಿಟ್ಟು ನಿಜವಾದದ್ದೇ. ಊರೀಯನ ಹೆಂಡತಿಯನ್ನು ಕಸಿದವನಲ್ಲಿಯೂ ನ್ಯಾಯಬುದ್ಧಿ ಸತ್ತಿರಲಿಲ್ಲ. ಆದರೆ ಅದು ಪರರ ಮನೆಯ ಕಥೆಯಲ್ಲಿ ಮಾತ್ರ ಎಚ್ಚರವಾಗಿತ್ತು. ಆ ಮನುಷ್ಯ ನೀನೇ ಎಂದು ನಾತಾನ ಬೆರಳು ತೋರಿಸಿದಾಗಲೇ ಕಥೆ ಪೂರ್ತಿಯಾದದ್ದು. ನಮ್ಮ ಧಾರಾವಾಹಿಗಳು ದಿನಕ್ಕೊಂದು ಕುರಿಮರಿಯ ಕಥೆ ಹೇಳುತ್ತವೆ. ಕೊನೆಯ ಆ ಮಾತನ್ನು ಅವು ಹೇಳಲಾರವು. ಅಷ್ಟರಲ್ಲಿ ಜಾಹೀರಾತು ಬಂದುಬಿಡುತ್ತದೆ. ಅದನ್ನು ನಮಗೆ ನಾವೇ ಹೇಳಿಕೊಳ್ಳಬೇಕು.

ಅಂದು ನಾನು ಅವ್ವನಿಗೆ ಏನಾದರೂ ಬುದ್ಧಿ ಹೇಳಿದೆನೇ? ಇಲ್ಲ. ಹೇಳಬೇಕೆಂದು ಬಾಯಿ ತೆರೆದೆ. ನನ್ನದೇ ನೆನಪು ತಡೆಯಿತು. ಹಿಂದಿನ ವಾರವಷ್ಟೇ ಯಾವುದೋ ಧಾರಾವಾಹಿಯಲ್ಲಿ ಮಕ್ಕಳಿದ್ದೂ ಒಂಟಿಯಾದ ಮುದುಕನನ್ನು ಕಂಡು ನನ್ನ ಗಂಟಲು ಕಟ್ಟಿತ್ತು. ನನ್ನ ಹಾಸಿಗೆ ಹಿಡಿದ ದೊಡ್ಡಪ್ಪ ಊರಿನಲ್ಲಿ ನನ್ನ ಫೋನಿಗಾಗಿ ಕಾಯುತ್ತಿರುವುದು ಗೊತ್ತಿದ್ದೂ ನಾನು ಮೂರು ತಿಂಗಳಿಂದ ಮಾಡಿರಲಿಲ್ಲ. ನನ್ನ ಬಳಿಯೂ ಮಳೆ, ಕಳೆ, ಕೆಲಸಗಳಿದ್ದವು. ಅದನ್ನೇ ಅವ್ವನಿಗೆ ಹೇಳಿಬಿಟ್ಟೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಪ್ರಾರ್ಥನೆ ಮುಗಿದು ನಾನು ಹೊರಟು ನಿಂತಾಗ, "ಕೂಸು ಯಾರ್ಹಂಗ ಐತೋ ಏನೋ" ಎಂದರು, ತಮಗೆ ತಾವೇ ಎಂಬಂತೆ.

ಅವರೇ ಹೇಳಿದ್ದರಲ್ಲ, ಯಾರಾದರೂ ಒಬ್ಬರು ಖರೇ ಹೇಳಿದರೆ ಧಾರಾವಾಹಿ ಇವತ್ತೇ ಮುಗಿಯುತ್ತದೆ ಎಂದು? ನಮ್ಮ ಮನೆಗಳ ಮಾತೂ ಅಷ್ಟೇ. ವರ್ಷಗಟ್ಟಲೆ ಎಳೆಯುವ ಎಷ್ಟೋ ಮುನಿಸುಗಳು 'ನನ್ನದು ತಪ್ಪಾಯಿತು' ಎಂಬ ಒಂದು ಮಾತಿಗೆ ಮುಗಿಯತಕ್ಕವು. ಪರದೆಯ ಮುಂದೆ ಕುಳಿತು "ಹೇಳವಾ, ಹೇಳಿಬಿಡು!" ಎಂದು ಕೂಗುವ ನಾವು ನಮ್ಮ ಸರದಿ ಬಂದಾಗ ಬಾಗಿಲ ಹಿಂದೆ ನಿಲ್ಲುತ್ತೇವೆ.

ಆದುದರಿಂದ, ಪ್ರಿಯ ಬಂಧುಗಳೇ, ಟಿ.ವಿ. ಒಡೆಯಿರಿ ಎಂದು ನಾನು ಹೇಳುವುದಿಲ್ಲ. ನೋಡಿರಿ, ನಗಿರಿ, ಕಣ್ಣೀರು ಬಂದರೆ ನಾಚಿಕೊಳ್ಳಬೇಡಿರಿ; ಹೃದಯ ಇನ್ನೂ ಮೆತ್ತಗಿದೆ ಎಂಬುದಕ್ಕೆ ಅದು ಗುರುತು. ಆದರೆ ಈ ವಾರ ಒಂದು ಕೆಲಸ ಮಾಡಿರಿ. ಧಾರಾವಾಹಿ ಮುಗಿದ ಕೂಡಲೇ ಐದು ನಿಮಿಷ ಟಿ.ವಿ. ಆರಿಸಿ, "ನಾನು ಇವತ್ತು ಮರುಗಿದ ಈ ದುಃಖ ನನಗೆ ಗೊತ್ತಿರುವ ಯಾರ ಮನೆಯಲ್ಲಿದೆ?" ಎಂದು ಕೇಳಿಕೊಳ್ಳಿರಿ. ಹೆಸರೊಂದು ಹೊಳೆದರೆ, ಅವರು ಕೋಣೆಯಲ್ಲಿ ಒಬ್ಬರೇ ಕುಳಿತಿರುವುದನ್ನು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಿರಿ. ಆಮೇಲೆ ಏನು ಮಾಡಬೇಕೆಂದು ನಿಮಗೇ ತಿಳಿಯುತ್ತದೆ.

ಎರಡು ತಿಂಗಳ ನಂತರ ಮತ್ತೆ ಪುರ್ತಗೇರಿಗೆ ಹೋದೆ. ಅದೇ ಸಂಜೆಯ ಹೊತ್ತು, ಅದೇ ಧಾರಾವಾಹಿ. ಆದರೆ ಅಂಗಳದ ಹಗ್ಗದ ಮೇಲೆ ಕೂಸಿನ ಬಟ್ಟೆಗಳು ಒಣಗುತ್ತಿದ್ದವು. ಅವ್ವ ಮಗುವನ್ನು ಕಾಲ ಮೇಲೆ ಹಾಕಿಕೊಂಡು ತಟ್ಟುತ್ತಿದ್ದರು. "ಫಾದರ್, ಇವತ್ತಿಂದು ನೋಡಾಕ ಆಗಲಿಲ್ರಿ. ಈಕಿ ಬಿಡಲಿಲ್ಲ" ಎಂದು ದೂರು ಹೇಳಿದರು.